ಅದು ಹುಚ್ಚಾನೆಯಲ್ಲ, ತಾಯಿ!



ರಜೆಯಲ್ಲಿ ಊರಿಗೆ ಹೋದಾಗ ನೀವು ಮೈಸೂರಿನಿಂದ ಬಂಡೀಪುರದ ಮಾರ್ಗವಾಗಿ ಊಟಿಗೆ ಹೋಗಿರಬಹುದು. ಕೆಲವು ವರ್ಷಗಳ ಹಿಂದೆ ನಾವೂ ಹೋಗಿದ್ದೆವು. ಕಾಡಿನ ರಸ್ತೆಯಂಚಿನಲ್ಲಿ ಒಂದು ಆನೆಮರಿ, ಅದರ ಪಕ್ಕದಲ್ಲೇ ತಾಯಿ. "ಅಮ್ಮಾ, ಒಂದೇ ಒಂದು ಫೋಟೋ" ಎಂದು ಮಗ ಕಾರು ನಿಲ್ಲಿಸಿಯೇಬಿಟ್ಟ. ಬೇಡವೆನ್ನಬೇಕಾದ ನಾನೇ ಮರಿಯ ಚಂದಕ್ಕೆ ಮರುಳಾಗಿ ಕಿಟಕಿಯ ಗಾಜು ಇಳಿಸಿದೆ. ತಾಯಾನೆ ಕಿವಿಯಗಲಿಸಿ, ಘೀಳಿಟ್ಟು, ನಮ್ಮತ್ತ ನುಗ್ಗಿ ಬಂತು. ಬದುಕಿದೆಯಾ ಬಡಜೀವವೇ ಎಂದು ಅಲ್ಲಿಂದ ಪಾರಾದೆವು. ಮಾಟುಂಗಕ್ಕೆ ಮರಳಿದ ಮೇಲೆ ಮಗ ಆ ಚಿತ್ರಕ್ಕೆ 'ಹುಚ್ಚಾನೆ' ಎಂದು ಹೆಸರಿಟ್ಟು ಗೆಳೆಯರಿಗೆಲ್ಲ ಕಳುಹಿಸಿದ. ನನಗೇಕೋ ಮನಸ್ಸು ಒಪ್ಪಲಿಲ್ಲ. ಆನೆಗಳ ಬಗ್ಗೆ ಓದತೊಡಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರಂಥ ವಿಜ್ಞಾನಿಗಳು 1980ರ ದಶಕದಿಂದ ನಮ್ಮ ಕಾಡುಗಳಲ್ಲೇ ಆನೆಗಳನ್ನು ಅಭ್ಯಾಸ ಮಾಡಿದ್ದಾರೆ.

ನಮ್ಮದು ಒಂಬತ್ತು ತಿಂಗಳಾದರೆ ಆನೆಯದು ಸುಮಾರು 20ರಿಂದ 22 ತಿಂಗಳ ಬಸಿರು! ಹುಟ್ಟುವ ಮರಿ ಸುಮಾರು 100 ಕಿಲೋ. ಒಂದೆರಡು ಗಂಟೆಯೊಳಗೆ ಎದ್ದು ನಿಂತು, ತಾಯಿಯ ಮುಂಗಾಲುಗಳ ನಡುವಿನ ಮೊಲೆಯನ್ನು ಹುಡುಕುತ್ತದೆ. ಹಾಲು ಕುಡಿಯುವುದು ಬಾಯಿಂದ. ಸೊಂಡಿಲನ್ನು ಏನು ಮಾಡಬೇಕೆಂಬುದೇ ಅದಕ್ಕೆ ತಿಳಿಯದು. ಹುಲ್ಲು ಕೀಳಲು, ನೀರು ಹೀರಲು ಕಲಿಯುವುದಕ್ಕೆ ತಿಂಗಳುಗಳೇ ಬೇಕು. ದೊಡ್ಡವರ ಲದ್ದಿಯನ್ನೂ ಮರಿ ತಿನ್ನುತ್ತದೆ. ಮೂಗು ಮುರಿಯಬೇಡಿ! ಸೊಪ್ಪು ಅರಗಿಸುವ ಸೂಕ್ಷ್ಮಜೀವಿಗಳು ಅದರ ಹೊಟ್ಟೆ ಸೇರುವುದು ಹಾಗೆಯೇ. ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಾಲು ಕುಡಿಯುತ್ತದೆ. ಆದ್ದರಿಂದ ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷಗಳ ಅಂತರ. ಒಂದು ಮರಿ ಹೋದರೆ ಆ ನಷ್ಟ ಎಷ್ಟು ದೊಡ್ಡದು, ಯೋಚಿಸಿ.

ಇಷ್ಟನ್ನೂ ತಾಯೊಬ್ಬಳೇ ಮಾಡುವುದಿಲ್ಲ. ಹಿಂಡಿನಲ್ಲಿ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅಕ್ಕ ಎಲ್ಲರೂ ಇರುತ್ತಾರೆ. ಗಂಡುಮರಿಗಳು ಹತ್ತು ಹದಿನೈದು ವರ್ಷಕ್ಕೆ ಹಿಂಡು ಬಿಡುತ್ತವೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ ತವರಲ್ಲೇ ಉಳಿಯುತ್ತಾರೆ. ಕೆಸರಲ್ಲಿ ಜಾರಿದ ಮರಿಯನ್ನು ಎತ್ತಲು ಚಿಕ್ಕಮ್ಮ ಓಡುತ್ತಾಳೆ. ಇನ್ನೂ ಹೆರದ ಅಕ್ಕ ತಮ್ಮನನ್ನು ಕಾಯುತ್ತಲೇ ತಾಯ್ತನ ಕಲಿಯುತ್ತಾಳೆ. ಅಪಾಯದ ಸುಳಿವು ಸಿಕ್ಕಿತೋ, ಮರಿಗಳು ಒಳಗೆ, ದೊಡ್ಡವರು ಸುತ್ತ! ನಮ್ಮ ಲೋಕಲ್ ರೈಲಿನ ಮಹಿಳೆಯರ ಡಬ್ಬಿಯನ್ನು ನೆನಪಿಸಿಕೊಳ್ಳಿ. ದಾದರ್‌ನಲ್ಲಿ ಕೈಗೂಸಿನೊಂದಿಗೆ ಒಬ್ಬಳು ಹತ್ತಿದರೆ, ಹೆಸರೂ ಗೊತ್ತಿಲ್ಲದ ಹೆಂಗಸರು ಮೊಣಕೈ ಚಾಚಿ ಮಗುವಿನ ಸುತ್ತ ಗೋಡೆಯಾಗುವುದಿಲ್ಲವೇ? ತವರಿಂದ ದೂರ, ಈ ಊರಲ್ಲಿ ನಾನು ಮಕ್ಕಳನ್ನು ಬೆಳೆಸಿದ್ದೂ ಅಂಥ ನೆರೆಯವರ ಬಲದಿಂದಲೇ.

ಈ ಸಂಸಾರಗಳನ್ನು ಕಣ್ತುಂಬ ನೋಡಬೇಕೆಂದರೆ ಬೇಸಿಗೆಯಲ್ಲಿ ಕಬಿನಿಗೆ ಹೋಗಿ. 1974ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ನಾಗರಹೊಳೆ, ಬಂಡೀಪುರದ ಹಿಂಡುಗಳು ಬಂದು ಸೇರುತ್ತವೆ. ಬರಗಾಲದಲ್ಲಿ ನೀರೆಲ್ಲಿ, ಮೇವೆಲ್ಲಿ ಎಂಬ ನೆನಪು ಹಿರಿಯ ಹೆಣ್ಣಾನೆಗಳದ್ದು. ಆ ದಾರಿಗಳಿಗೇ ನಮ್ಮ ರಸ್ತೆಗಳು ಅಡ್ಡ ಬಂದಿವೆ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿದ್ದು ಇಂಥ ಪ್ರಾಣಿಗಳಿಗಾಗಿಯೇ. ಹಗಲಿನಲ್ಲಿ ಕಾಯಬೇಕಾದವರು ನಾವು.

ಆದ್ದರಿಂದ ಮಕ್ಕಳೇ, ಮುಂದಿನ ಬಾರಿ ಆ ದಾರಿಯಲ್ಲಿ ಹೋದರೆ ಕಾರು ನಿಲ್ಲಿಸಬೇಡಿ, ಹಾರನ್ ಒತ್ತಬೇಡಿ, ತಿಂಡಿ ಎಸೆಯಬೇಡಿ. ಮರಿ ಒಂಟಿಯಾಗಿ ಕಂಡರೂ ಹತ್ತಿರ ಸುಳಿಯಬೇಡಿ. ಪೊದೆಯ ಹಿಂದೆ ಅದರ ಇಡೀ ತವರುಮನೆ ನಿಂತಿರುತ್ತದೆ. ನನ್ನ ಮಗ ಆ ಚಿತ್ರದ ಹೆಸರನ್ನು ಈಗ ಬದಲಿಸಿದ್ದಾನೆ. 'ತಾಯಿ' ಎಂದಷ್ಟೇ ಬರೆದಿದ್ದಾನೆ.