ಕೋವಿಯ ನಳಿಗೆ ಕಾಯುವುದೇಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ವಿಜಯಪುರಕ್ಕೆ ಬಂದವರು ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ನೋಡದೆ ಮರಳುವುದು ವಿರಳ. ಸುಡುಬಿಸಿಲಿನಲ್ಲಿಯೂ ಅದು ತಂಪಾಗಿರುವುದೆಂಬ ಮಾತು ಜನಜನಿತವಾಗಿದೆ. ಆದರೆ ಒಂದೆರಡು ನಿಮಿಷ ಎಡೆಬಿಡದೆ ಗುಂಡು ಹಾರಿಸಿದ ಕೋವಿಯ ನಳಿಗೆಯು ಕೈಯಿಡಲಾಗದಷ್ಟು ಕಾಯುತ್ತದೆ. ಈ ಎರಡು ಸಂಗತಿಗಳನ್ನೂ ಒಂದೇ ಬಗೆಯ ಲೆಕ್ಕದಿಂದ ವಿವರಿಸಬಹುದು.

ಗುಂಡು ನಳಿಗೆಯನ್ನು ಉಜ್ಜಿಕೊಂಡು ಹೋಗುವುದರಿಂದಲೇ ಬಿಸಿ ಹುಟ್ಟುವುದೆಂದು ಹಲವರ ಎಣಿಕೆ. ತೋಪಿನ ನಳಿಗೆಯನ್ನು ಕೊರೆಯುವಾಗ ಘರ್ಷಣೆಯಿಂದ ಉಷ್ಣವು ಜನಿಸುವುದನ್ನು 1798ರಲ್ಲಿ ಪ್ರಕಟಪಡಿಸಿದ ರಮ್‌ಫರ್ಡನೇ, ಗುಂಡಿಲ್ಲದೆ ಬರಿಯ ಮದ್ದನ್ನು ಹಾರಿಸಿದಾಗ ನಳಿಗೆಯು ಹೆಚ್ಚು ಕಾಯುವುದನ್ನು ಅದಕ್ಕೂ ಮೊದಲೇ ಕಂಡಿದ್ದನು. ಆದುದರಿಂದ ಘರ್ಷಣೆಯ ಪಾಲು ಅಲ್ಪವೇ ಸರಿ. ಮದ್ದು ಉರಿದು ಹುಟ್ಟುವ, 2,000 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಅನಿಲಗಳೇ ಮುಖ್ಯ ಕಾರಣ. ಉಕ್ಕು ಸುಮಾರು 1,500 ಡಿಗ್ರಿಯಲ್ಲಿ ಕರಗುವುದಾದರೂ, ಗುಂಡು ನಳಿಗೆಯೊಳಗಿರುವ ಅವಧಿಯು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ; ಅಷ್ಟರಲ್ಲಿ ಒಳಮೈಯ ತೆಳುಪದರವಷ್ಟೇ ಕಾದು, ಆ ಉಷ್ಣವು ಬಳಿಕ ಹೊರಮೈಗೆ ಹರಡುತ್ತದೆ.

‘ಥ್ರೀ ನಾಟ್ ಥ್ರೀ’ ಎಂದು ಪ್ರಸಿದ್ಧವಾದ ಬಂದೂಕಿನ ಒಂದು ತೋಟೆಯ ಮದ್ದಿನಿಂದ ಸುಮಾರು 11 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಗುಂಡಿನ ವೇಗಕ್ಕೆ ಸಲ್ಲುವುದು ಸುಮಾರು 3 ಕಿಲೋಜೂಲ್. ನಳಿಗೆಗೆ ಕಾಲುಭಾಗ ಸೇರುವುದೆಂದೂ ಅದರ ತೂಕ ಒಂದು ಕಿಲೋಗ್ರಾಂ ಎಂದೂ ಹಿಡಿದರೆ, ಪ್ರತಿ ಗುಂಡಿಗೆ ಉಷ್ಣತೆ ಸುಮಾರು 6 ಡಿಗ್ರಿ ಏರಬೇಕು. ನಿಮಿಷಕ್ಕೆ ಹದಿನೈದು ಗುಂಡು ಹಾರಿಸಿದರೆ ಏರಿಕೆಯು 90 ಡಿಗ್ರಿಯಾಯಿತು. ಗಾಳಿಯು ಅದನ್ನು ಆರಿಸಲು ಅವಕಾಶವೇ ಸಾಲದು.

ಇನ್ನು ತೋಪಿನ ವಿಷಯ. ಮಹಮ್ಮದ್ ಬಿನ್ ಹಸನ್ ರೂಮಿಯು 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಈ ತೋಪು ಸುಮಾರು 14 ಅಡಿ ಉದ್ದದ, 55 ಟನ್ ತೂಕದ ಕಂಚು. ಇದರ ಉಷ್ಣತೆಯನ್ನು ಒಂದೇ ಡಿಗ್ರಿ ಏರಿಸಲು ಸುಮಾರು 21,000 ಕಿಲೋಜೂಲ್ ಬೇಕು. ಒಮ್ಮೆಗೆ 40 ಕಿಲೋಗ್ರಾಂ ಕರಿಮದ್ದನ್ನು ತುಂಬಿದರೆಂದು ಊಹಿಸಿ, ಅದರ ಶಕ್ತಿಯಲ್ಲಿ ಕಾಲುಭಾಗವನ್ನು ಲೋಹವು ಹೀರಿತೆಂದರೂ ಏರಿಕೆಯು ಒಂದೂವರೆ ಡಿಗ್ರಿಯನ್ನು ದಾಟದು. ಮತ್ತೆ ಮದ್ದು ತುಂಬುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಬಿಸಿಯು ಕೂಡಿಕೊಳ್ಳುವ ಸಂಭವವೂ ಕಡಿಮೆ. ಬೇಸಗೆಯ ಒಂದು ಗಂಟೆಯ ಬಿಸಿಲೂ ಇದನ್ನು ಸುಮಾರು ಒಂದು ಡಿಗ್ರಿಯಷ್ಟೇ ಕಾಯಿಸಬಲ್ಲದು. ರಾತ್ರಿ ತಣಿದ ಕಂಚು ಹೊತ್ತೇರಿದ ಮೇಲೂ ಅಂಗೈಗೆ ತಂಪೆನಿಸುವುದರಲ್ಲಿ ಮಾಯೆಯೇನೂ ಇಲ್ಲ. ಜನರ ಮಾತಿಗೆ ಇಷ್ಟರಮಟ್ಟಿಗೆ ಆಧಾರವುಂಟು.

ಹೀಗೆ ನಳಿಗೆಯ ಬಿಸಿಯನ್ನು ನಿರ್ಣಯಿಸುವುದು ಸ್ಫೋಟದ ಅಬ್ಬರವಲ್ಲ. ಮದ್ದಿಗೂ ಲೋಹಕ್ಕೂ ಇರುವ ಪ್ರಮಾಣ ಮತ್ತು ಎರಡು ಹೊಡೆತಗಳ ನಡುವಣ ಬಿಡುವು. ಬಿಡುವಿಲ್ಲದೆ ಹಾರಿಸಿದಲ್ಲಿ ಒಳಮೈಯ ಪದರವು ಬಹುಬೇಗ ಸವೆದು ಗುರಿ ಕೆಡುವುದು. ತೀರ ಕಾದ ನಳಿಗೆಯಲ್ಲಿ ಉಳಿದ ತೋಟೆಯು ತಾನಾಗಿಯೇ ಸಿಡಿಯಬಹುದು. ಆದಕಾರಣ ನಳಿಗೆ ಆರುವವರೆಗೆ ತಡೆಯುವುದು ಶಿಸ್ತಿಗಾಗಿ ಮಾತ್ರವಲ್ಲ, ಹಾರಿಸುವವನ ರಕ್ಷಣೆಗಾಗಿಯೂ ಅವಶ್ಯ.