ಚೈನಿಗೂ ಒಂದು ಕೊಂಡಿ

ಕೊರಳ ಸರಕ್ಕೆ ಒಂದು ಕೊಂಡಿ ಇರುತ್ತದೆ. ಸರ ಎಷ್ಟೇ ಗಟ್ಟಿ ಇರಲಿ, ಕೊಂಡಿ ಸಡಿಲವಾದರೆ ಸರ ಹೋಯಿತು. ಹೌದು ತಾನೇ? ಮೋಟಾರ್ ಸೈಕಲ್ಲಿನ ಚೈನಿಗೂ ಇಂಥದೇ ಒಂದು ಕೊಂಡಿ ಇದೆ. ಗ್ಯಾರೇಜಿನವರು ಅದನ್ನು ಚೈನ್ ಲಾಕ್ ಅನ್ನುತ್ತಾರೆ.

"ಗಾಡಿ ಓಡಿಸೋರು ಅವರು. ಇದೆಲ್ಲಾ ನಮಗ್ಯಾಕೆ?" ಅನ್ನಬೇಡಿ ಅಕ್ಕಾ. ಮಗು ಎತ್ತಿಕೊಂಡು ಹಿಂದೆ ಕೂರುವವರು ನಾವು. ಈಗ ಗಾಡಿ ಓಡಿಸುವ ಹೆಂಗಸರೂ ಬಹಳ ಜನ ಇದ್ದಾರೆ. ಓಡುವಾಗ ಲಾಕ್ ಕಳಚಿದರೆ ಚೈನು ಬಿಚ್ಚಿಕೊಳ್ಳುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅಷ್ಟೇ ಆದರೆ ಪುಣ್ಯ. ಬಿಚ್ಚಿದ ಚೈನು ಸಿಕ್ಕಿಹಾಕಿಕೊಂಡರೆ ಹಿಂದಿನ ಚಕ್ರ ಗಕ್ಕನೆ ನಿಂತುಬಿಡುತ್ತದೆ. ಗಾಡಿ ಬೀಳುತ್ತದೆ.

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಚೈನು. (ಸ್ಕೂಟಿಯಂಥ ಗಾಡಿಗೆ ಚೈನಿಲ್ಲ, ಬೆಲ್ಟ್ ಇರುತ್ತದೆ.) ಚೈನಿನ ಬೇರೆ ಕೊಂಡಿಗಳನ್ನು ಕಾರ್ಖಾನೆಯಲ್ಲೇ ಬಡಿದು ಕೂರಿಸಿರುತ್ತಾರೆ. ಎರಡು ತುದಿ ಸೇರಿಸುವ ಲಾಕನ್ನು ಮಾತ್ರ ಬಿಚ್ಚಬಹುದು. ಕೆಲವು ದೊಡ್ಡ ಬೈಕುಗಳ ಚೈನಿಗೆ ಬಿಚ್ಚುವ ಲಾಕ್ ಇರುವುದಿಲ್ಲ.

ಲಾಕಿನಲ್ಲಿ ಮೂರು ತುಂಡು. ಎರಡು ಪಿನ್ನು ಇರುವ ಪಟ್ಟಿ ಒಂದು. ಆ ಪಿನ್ನುಗಳ ಮೇಲೆ ಕೂರುವ, ಎರಡು ತೂತಿನ ಪಟ್ಟಿ ಇನ್ನೊಂದು. ಅದು ಕಳಚದಂತೆ ಹಿಡಿಯುವ ಕ್ಲಿಪ್ಪು ಮೂರನೆಯದು. ಈ ಕ್ಲಿಪ್ಪು ನೋಡಲು ಥೇಟ್ ಮೀನು. ಒಂದು ಕಡೆ ಮುಚ್ಚಿದ ತಲೆ. ಇನ್ನೊಂದು ಕಡೆ ಸೀಳಿದ ಬಾಲ.

ಮೀನು ತಲೆ ಮುಂದೆ ಮಾಡಿ ಈಜುತ್ತದೆ. ಇದೂ ಹಾಗೇ. ಚೈನು ಯಾವ ಕಡೆ ಓಡುತ್ತದೋ ಆ ಕಡೆಗೆ ತಲೆ ಇರಬೇಕು. ಗಾಡಿ ಹೋಗುವಾಗ ಚೈನಿನ ಮೇಲಿನ ಸಾಲು ಮುಂದಕ್ಕೆ ಓಡುತ್ತದೆ, ಕೆಳಗಿನ ಸಾಲು ಹಿಂದಕ್ಕೆ. ಲಾಕು ಮೇಲಿನ ಸಾಲಿನಲ್ಲಿದ್ದಾಗ ಮೀನಿನ ತಲೆ ಗಾಡಿಯ ಮುಂಭಾಗಕ್ಕೆ ಇದೆಯಾ ನೋಡಿ. ತಿರುಗಾಮುರುಗಾ ಹಾಕಿದ್ದರೆ ಕಲ್ಲು, ಕಡ್ಡಿ ಬಾಲಕ್ಕೆ ತಗುಲಿ ಕ್ಲಿಪ್ಪು ಹಾರಿಹೋಗಬಹುದು. ತಲೆಗೆ ತಗುಲಿದರೆ ಕ್ಲಿಪ್ಪು ಇನ್ನೂ ಒಳಗೇ ಕೂರುತ್ತದೆ.

ನೋಡುವ ಮೊದಲು ಎಂಜಿನ್ ಆಫ್ ಮಾಡಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ಲಿಗೆ ತನ್ನಿ. ಚಕ್ರವನ್ನು ಕೈಯಿಂದಲೇ ನಿಧಾನ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಚೈನು ಒರೆಸುವವರನ್ನು ನೀವೂ ನೋಡಿರಬಹುದು. ಬಟ್ಟೆ ಸಿಕ್ಕಿದರೆ ಬೆರಳೂ ಹೋಗುತ್ತದೆ. ಹಾಗೆ ಮಾಡುವವರನ್ನು ಬೈದಾದರೂ ನಿಲ್ಲಿಸಿ!

ಮಣ್ಣು ಮೆತ್ತಿದ ಚೈನನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಬೇಕು. ಒಣಗಿದ ಮೇಲೆ ಒಳಬದಿಗೆ ಗೇರ್ ಎಣ್ಣೆ ಬಿಡಬೇಕು. ಹೆಚ್ಚಾದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಧೂಳು ಅಂಟುತ್ತದೆ. ಮಳೆಯಲ್ಲಿ ಓಡಿದ ಮೇಲಂತೂ ಎಣ್ಣೆ ಬೇಕೇ ಬೇಕು. ಕೆಳಗಿನ ಸಾಲನ್ನು ನಡುವೆ ಬೆರಳಿಂದ ಎತ್ತಿದರೆ ಸುಮಾರು ಒಂದು ಇಂಚು ಆಡಬೇಕು. ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಕೆಲಸಕ್ಕೆ ಚೈನ್ ಕವರ್ ಬಿಚ್ಚಿದರೆ ಮತ್ತೆ ಹಾಕಲೇಬೇಕು. ಹೆಚ್ಚಿನ ಬೈಕುಗಳಲ್ಲಿ ಚೈನು ಎಡಗಡೆ. ನಾವು ಕಾಲು ಇಳಿಬಿಡುವುದೂ ಎಡಗಡೆಗೇ. ಸೆರಗು ಸಿಕ್ಕಿದರೆ ಏನು ಗತಿ? ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅದೇ ಸೀರೆ ಗಾರ್ಡು. ಅಂದಕ್ಕೆ ಅಂತ ಅದನ್ನು ಕಿತ್ತು ಹಾಕಲು ಬಿಡಬೇಡಿ.

ಲಾಕ್ ಬದಲಿಸುವಾಗ ಅದನ್ನು ಹಿಂದಿನ ಹಲ್ಲು ಚಕ್ರದ ಮೇಲೆ ತಂದುಕೊಳ್ಳಿ. ಆಗ ಎರಡೂ ತುದಿಗಳನ್ನು ಹಲ್ಲುಗಳೇ ಹಿಡಿದುಕೊಳ್ಳುತ್ತವೆ. ಇಕ್ಕಳದಿಂದ ಬಾಲವನ್ನು ತಲೆಯ ಕಡೆಗೆ ಒತ್ತಿದರೆ ಕ್ಲಿಪ್ಪು ಬಿಡುತ್ತದೆ. ಹೊಸ ಲಾಕಿನ ಪಿನ್ನಿಗೆ ಎಣ್ಣೆ ಸವರಿ ಒಳಬದಿಯಿಂದ ತೂರಿಸಿ. ಮೇಲೆ ಪಟ್ಟಿ, ಅದರ ಮೇಲೆ ಕ್ಲಿಪ್ಪು. ಪಿನ್ನಿನ ತುದಿಯ ಕಚ್ಚಿನಲ್ಲಿ ಕ್ಲಿಪ್ಪು ಟಕ್ ಎಂದು ಕೂರಬೇಕು. ಹಳೇ ಕ್ಲಿಪ್ಪನ್ನು ಬಗ್ಗಿಸಿ ಮತ್ತೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಲಾಕಿಗೆ ದುಬಾರಿ ಬೆಲೆಯೇನಿಲ್ಲ.

ಅಂಗಡಿಗೆ ಹೋಗುವ ಮೊದಲು ಚೈನಿನ ಪಟ್ಟಿಯ ಮೇಲಿನ ಅಂಕಿ ಓದಿ. 428 ಎಂದೋ 420 ಎಂದೋ ಇರುತ್ತದೆ. ಎರಡರ ಕೊಂಡಿಗೂ ಉದ್ದ ಅರ್ಧ ಇಂಚೇ. ಆದರೆ ಅಗಲ ಬೇರೆ. ಒಂದಕ್ಕೆ ಇನ್ನೊಂದರ ಲಾಕ್ ಹಾಕಬಾರದು. ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಎರಡು ಲಾಕ್ ತನ್ನಿ. ಒಂದನ್ನು ಕಾಗದದಲ್ಲಿ ಸುತ್ತಿ ಗಾಡಿಯ ಟೂಲ್ ಬಾಕ್ಸಿನಲ್ಲಿ ಇಡಿ.