ಅಪ್ಪನ ಬ್ರೌಸರ್ ಬದಲಾಯಿಸಿದ ಭಾನುವಾರ

ಕಳೆದ ತಿಂಗಳು ಬೆಂಗಳೂರಿನಿಂದ ದಾವಣಗೆರೆಗೆ ಹೋಗಿದ್ದೆ. ವಿನೋಬನಗರದ ಮನೆಯಲ್ಲಿ ಬ್ಯಾಗ್ ಕೆಳಗಿಡುವ ಮೊದಲೇ ಅಪ್ಪ ಫೋನು ಹಿಡಿದು ಬಂದರು. "ಇದೇನ್ ನೋಡವ್ವ, ಫೋನಿಗೆ ವೈರಸ್ ಬಂದೈತಂತೆ. ಗಂಟೆಗೊಮ್ಮೆ ಟಿಂಗ್ ಅಂತೈತೆ."

ನೋಡಿದರೆ ನೋಟಿಫಿಕೇಷನ್‌ಗಳ ಸಾಲು. 'ನಿಮ್ಮ ಫೋನ್ ಅಪಾಯದಲ್ಲಿದೆ', 'ಬಹುಮಾನ ಬಂದಿದೆ', 'ಈಗಲೇ ಒತ್ತಿ'. ಅಪ್ಪ ಒಂದನ್ನು ಒತ್ತಿ, ವೈರಸ್ ತೆಗೆಯುವ ಆ್ಯಪ್ ಹಾಕಿಕೊಳ್ಳುವವರೆಗೂ ಹೋಗಿದ್ದರಂತೆ. "ಶನಿವಾರ ಮಗಳು ಬರ್ತಾಳೆ, ತಡ್ಕೊಳ್ರಿ" ಎಂದು ಅಮ್ಮ ಹೇಳಿದ್ದಕ್ಕೆ ಬಚಾವ್. ಪಿಂಚಣಿ ಬರುವ ಬ್ಯಾಂಕ್ ಖಾತೆ ಇರುವುದೂ ಅದೇ ಫೋನಿನಲ್ಲಿ.

ಫೋನಿನಲ್ಲಿ ವೈರಸ್ ಏನೂ ಇರಲಿಲ್ಲ. ಯಾವುದೋ ಸೈಟು "ನೋಟಿಫಿಕೇಷನ್ ಕಳಿಸಲೇ?" ಎಂದು ಕೇಳಿದಾಗ ಅಪ್ಪ 'ಅಲೋ' ಒತ್ತಿದ್ದರು. ಅಲ್ಲಿಂದ ಆ ಸೈಟು ಬ್ರೌಸರ್ ಮೂಲಕವೇ ದಿನವಿಡೀ ಬಾಗಿಲು ಬಡಿಯುತ್ತಿತ್ತು. "ಅಲೋ ಒತ್ತಿದ್ರೇ ತಾನೆ ಮುಂದಕ್ಕೆ ಹೋಗೋದು?" ಎಂದರು ಅಪ್ಪ. ತಪ್ಪು ಅಂತ ಹೇಳೋಕೂ ಆಗಲಿಲ್ಲ.

ಆ ಅನುಮತಿ ತೆಗೆಯಲು ಎರಡು ನಿಮಿಷ ಸಾಕಾಯಿತು. ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಆದರೆ ಅಂಥ ಸೈಟಿಗೆ ಎಳೆದೊಯ್ಯುವ ಜಾಹೀರಾತುಗಳು ಹಾಗೇ ಉಳಿಯುತ್ತವಲ್ಲ? ಆ್ಯಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ. ಯುಬ್ಲಾಕ್ ಆರಿಜಿನ್ ಎಂಬ ಉಚಿತ ಎಕ್ಸ್‌ಟೆನ್ಷನ್ ಹಾಕಿದರೆ ಹೆಚ್ಚಿನ ಜಾಹೀರಾತುಗಳು ಕಾಣಿಸುವುದೇ ಇಲ್ಲ. ಅಪ್ಪನ ಬ್ರೌಸರ್ ಬದಲಾಯಿಸಲು ನನಗೆ ಅಷ್ಟೇ ಕಾರಣ ಸಾಕಿತ್ತು.

ನಾನೇ ಬ್ರೌಸರ್ ಬದಲಾಯಿಸಿ ಎಷ್ಟು ವರ್ಷವಾಯಿತು? ಕಾಲೇಜಿನ ಲ್ಯಾಬ್‌ನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇತ್ತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದಕ್ಕೆ ವಿದಾಯ ಹೇಳಿತು. 2008ರಲ್ಲಿ ಬಂದ ಕ್ರೋಮ್ ಅಷ್ಟರಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಕೂತಿತ್ತು, ನನ್ನದರಲ್ಲೂ. 2020ರಿಂದ ಎಡ್ಜ್ ಕೂಡ ಕ್ರೋಮಿಯಂ ಮೇಲೆಯೇ ನಿಂತಿದೆ. ಬ್ರೇವ್, ಒಪೇರಾ ಕೂಡ ಹಾಗೆಯೇ. ಬಣ್ಣ ಬೇರೆ, ತಳಪಾಯ ಒಂದೇ. ಫೈರ್‌ಫಾಕ್ಸ್‌ನದು ಗೆಕೋ ಎಂಬ ಸ್ವಂತ ಎಂಜಿನ್.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆವು. ಮನೆಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಹಾಕಿ, ಹಳೆಯ ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಇಂಪೋರ್ಟ್ ಮಾಡಿದೆ. ಐದು ನಿಮಿಷದ ಕೆಲಸ. ಆಮೇಲೆ ಪಾಸ್‌ವರ್ಡ್ ಪಟ್ಟಿ ತೆರೆದೆ.

ಮೂವತ್ತೇಳು ಖಾತೆ, ಪಾಸ್‌ವರ್ಡ್ ಒಂದೇ. ನನ್ನ ಹೆಸರು, ಮುಂದೆ ನಾನು ಹುಟ್ಟಿದ ವರ್ಷ.

ಒಂದು ಕ್ಷಣ ಮಾತೇ ಹೊರಡಲಿಲ್ಲ. ಕರೆಂಟ್ ಬಿಲ್ಲು, ಗ್ಯಾಸು, ಇಮೇಲು, ಬ್ಯಾಂಕು, ಎಲ್ಲದಕ್ಕೂ ನಾನೇ ಬೀಗದ ಕೈ. ಒಂದು ಕಡೆ ಸೋರಿದರೆ ಎಲ್ಲವೂ ಹೋದಂತೆ. "ಮರೆಯಲ್ಲ ಅಂತ ಇಟ್ಟಿದ್ದೆ ಕಣವ್ವ" ಎಂದರು. ಬೈಯಲು ಬಾಯಿ ಬರಲಿಲ್ಲ. ನನ್ನದೇ ಪಟ್ಟಿಯಲ್ಲೂ ಕಾಲೇಜು ದಿನಗಳ ಒಂದೇ ಪಾಸ್‌ವರ್ಡ್ ಹನ್ನೊಂದು ಕಡೆ ಇದೆ, ಅದೂ ಸಾಫ್ಟ್‌ವೇರ್ ಎಂಜಿನಿಯರ್ ಅನ್ನಿಸಿಕೊಂಡವಳದು.

ಬ್ರೌಸರ್ ಬದಲಾಯಿಸುವುದು ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ. ಅಟ್ಟದ ಮೇಲೆ ಏನೇನು ತುಂಬಿದ್ದೇವೆ ಎಂದು ಗೊತ್ತಾಗುವುದೇ ಆಗ. ಮಧ್ಯಾಹ್ನದವರೆಗೂ ಕೂತು ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವುಗಳ ಪಾಸ್‌ವರ್ಡ್ ಬದಲಾಯಿಸಿದೆವು. ಬ್ಯಾಂಕಿನದನ್ನು ಬ್ರೌಸರ್‌ನಲ್ಲಿ ಉಳಿಸಲಿಲ್ಲ. ಅಪ್ಪ ಅದನ್ನು ಪುಸ್ತಕದಲ್ಲಿ ಬರೆದು ಬೀರುವಿನೊಳಗೆ ಇಟ್ಟರು. ಅಡ್ಡಿಯಿಲ್ಲ ಎಂದೆ.

ಎಲ್ಲವೂ ಸಲೀಸಾಗಿ ಆಯಿತು ಅಂತೇನಿಲ್ಲ. ಒಂದು ಸೈಟು ಹೊಸ ಬ್ರೌಸರಿನಲ್ಲಿ ಸರಿಯಾಗಿ ತೆರೆಯಲೇ ಇಲ್ಲ. ಅದಕ್ಕಾಗಿ ಹಳೆಯದನ್ನೂ ಉಳಿಸಿಕೊಂಡೆವು. ಅಮ್ಮ ಬೇರೆ, "ಆ ಬಣ್ಣದ ಚಕ್ರ ಎಲ್ಲಿ ಹೋತು? ಈ ನರಿ ಯಾಕೆ ಕೂತೈತಿ?" ಎಂದು ಎರಡು ದಿನ ಕೇಳಿದರು. ಮೆನು ಕನ್ನಡಕ್ಕೆ ಹಾಕಿಕೊಟ್ಟ ಮೇಲೆ ಸಮಾಧಾನ. ಆ ಕನ್ನಡ ಅನುವಾದ ಮಾಡಿದವರು ಸ್ವಯಂಸೇವಕರು ಎಂದಾಗ ಅಪ್ಪನಿಗೆ ಆಶ್ಚರ್ಯ.

ನೀವೂ ಊರಿಗೆ ಹೋದಾಗ ಮಾಡುವುದಾದರೆ:

• ಮೊದಲು ಕಂಪ್ಯೂಟರಿನಲ್ಲಿ ಇಂಪೋರ್ಟ್ ಮಾಡಿ. ಮೊಜಿಲ್ಲಾ ಖಾತೆಯಿಂದ ಸಿಂಕ್ ಮಾಡಿದರೆ ಫೋನಿಗೂ ಬರುತ್ತದೆ.
• ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡರೆ ಕೆಲಸ ಮುಗಿದ ಕೂಡಲೇ ಅಳಿಸಿ. ಅದನ್ನು ಯಾರು ಬೇಕಾದರೂ ಓದಬಹುದು.
• ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೊಸದನ್ನು ಡಿಫಾಲ್ಟ್ ಬ್ರೌಸರ್ ಮಾಡಿ. ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಬಂದ ಲಿಂಕು ಹಳೆಯದರಲ್ಲೇ ತೆರೆಯಬಹುದು.
• ಐಫೋನ್ ಇದ್ದವರಿಗೆ ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕುವ ಲಾಭವಿಲ್ಲ. ನಮ್ಮ ದೇಶದಲ್ಲಿ ಅದರೊಳಗಿನ ಬ್ರೌಸರ್‌ಗಳೆಲ್ಲ ಆ್ಯಪಲ್‌ನ ವೆಬ್‌ಕಿಟ್ ಮೇಲೆಯೇ ಓಡುತ್ತವೆ.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. "ಈಗ ಟಿಂಗ್ ಅನ್ನಲ್ಲವ್ವ. ಒಂದು ಸೈಟು ಏನೋ ಕಳಿಸ್ತೀನಿ ಅಂತು, ನಾನು ಬ್ಯಾಡ ಅಂತ ಒತ್ತಿದೆ." ಸ್ವಲ್ಪ ತಡೆದು ಕೇಳಿದರು, "ನಿನ್ನ ಹನ್ನೊಂದು ಆತಾ?"

ಇನ್ನೂ ನಾಲ್ಕು ಬಾಕಿ ಇವೆ.